ಗಾಲಿಮನೆಯ ಎರಡು ನೀರು

"ಬೋರಮ್ಮಾರೇ, ಮಳೇಲಿ ಸೋರಾಕಿಲ್ಲ, ಬಿಸಿಲಲ್ಲಿ ಸೋರ್ತದೆ. ಇಂಥಾದ್ದ ಎಲ್ಲಾರ ಕೇಳಿದ್ದೀರಾ?"

ಮದ್ದೂರಿನ ನಮ್ಮ ಮನೆಯ ಹೊಸಿಲು ದಾಟುವ ಮೊದಲೇ ನಾಸಿರ್ ಇಷ್ಟು ಹೇಳಿದ. ಅಂದು ಸೋಮವಾರ. ನನ್ನ ಅತ್ತೆ ಚಿಕ್ಕಬೋರಮ್ಮ ಆಗಷ್ಟೇ ಚಿಕ್ಕರಸಿನಕೆರೆಯಿಂದ ಬಸ್ಸಿಳಿದು ಬಂದು ಕೈಯಲ್ಲಿದ್ದ ಖಾಲಿ ಹಾಲಿನ ತಂಬಿಗೆಯನ್ನು ತೊಳೆಯುತ್ತಿದ್ದರು. ಅಲ್ಲಿ ನಮ್ಮ ಹೊಲದಲ್ಲಿ ನನ್ನ ಗಂಡನ ಸಮಾಧಿ ಇದೆ. ಸೋಮವಾರ ಸೋಮವಾರ ಅತ್ತೆ ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಈ ವಿಷಯವನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ.

ಅತ್ತೆ ಮಂಡ್ಯದಲ್ಲಿ ಎ.ಎಸ್.ಐ. ಆಗಿ ನಿವೃತ್ತರಾದವರು. ಠಾಣೆಯಲ್ಲಿ ಹೇಳಲಾಗದ್ದನ್ನು ಜನ ಇವರ ಹತ್ತಿರ ತರುತ್ತಿದ್ದರು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದವಳು. ಗಂಡ ತೀರಿಕೊಂಡ ಮೇಲೆ ಅತ್ತೆ ಕರೆದಲ್ಲಿಗೆ ಹೋಗುವುದು, ನೋಡಿದ್ದನ್ನು ಬರೆದಿಡುವುದು ನನ್ನ ಕೆಲಸವಾಗಿತ್ತು.

"ಕೂತ್ಕಳ್ಲಾ ಮೊದ್ಲು," ಎಂದರು ಅತ್ತೆ. "ಸೋರ್ತಿರೋದು ಏನು?"

ನಾಸಿರ್ ಮಳವಳ್ಳಿಯಲ್ಲಿ ಲಾರಿ, ವ್ಯಾನುಗಳಿಗೆ ಬಾಡಿ ಕಟ್ಟುವವನು. ಅವನ ತಂದೆ ಬಾಬು ಜಾನ್ ಕಾಲದಿಂದಲೂ ಆ ಶೆಡ್ಡಿಗೆ ಹೆಸರಿತ್ತು. ಹೋದ ವರ್ಷ ಬೆಳಕವಾಡಿಯ ಶಿವರಾಜು ಬಂದು, ಗದ್ದೆಯ ನಡುವೆ ನಿಲ್ಲಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಒಂದು ಟ್ರೈಲರ್ ಮನೆ ಬೇಕು ಎಂದಿದ್ದ. ಶಿವನಸಮುದ್ರದ ಜಲಪಾತ ನೋಡಲು ಹೋಗುವವರು ಅದೇ ದಾರಿಯಲ್ಲಿ ಹೋಗುತ್ತಾರೆ. ನಾಸಿರ್ ಹಳೆಯ ಟ್ರೈಲರಿನ ಚಾಸಿ ಹುಡುಕಿ, ಮೇಲೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ ಹಾಕಿ, ಮಂಚ, ಅಡುಗೆ ಕಟ್ಟೆ, ಬಚ್ಚಲು ಎಲ್ಲ ಕೂರಿಸಿ ಕೊಟ್ಟಿದ್ದ. ಊರಿನವರು ಅದನ್ನು ಗಾಲಿಮನೆ ಎಂದು ಕರೆದರು.

"ಮುಂಗಾರು ಪೂರ್ತಿ ಒಂದು ತೊಟ್ಟು ಇಳೀನಿಲ್ಲ," ಎಂದ ನಾಸಿರ್. "ಆಮ್ಯಾಕೆ ಸುರುವಾಯ್ತು. ಒಂದ್ ವಾರ ಇರ್ತದೆ, ಒಂದ್ ವಾರ ಇರಾಕಿಲ್ಲ. ಮೊದ್ಲು ಮಂಚದ ಕೆಳಗಿನ ಪೆಟ್ಟಿಗೇಲಿ ಒದ್ದೆ. ಈಗ ಹಾಸ್ಗೆನೂ ಒದ್ದೆ. ನೀರಿನ ಟ್ಯಾಂಕ್ ಖಾಲಿ ಮಾಡಿ ನೋಡ್ದೆ, ಆಗ್ಲೂ ಒದ್ದೆ. ರೂಫಿನ ಪಟ್ಟಿ ಎಲ್ಲಾ ಬಿಚ್ಚಿ ಹೊಸದಾಗಿ ಪೇಸ್ಟ್ ಹಾಕ್ದೆ, ಆಗ್ಲೂ ಒದ್ದೆ."

"ಶಿವರಾಜು ಫೋನು ಯಾವತ್ತು ಬತ್ತದೆ?"

"ವಾರದ ಮೊದ್ಲಲ್ಲೇ. ಸೋಮವಾರ ಸಂಜೆ, ಇಲ್ಲಾ ಮಂಗಳವಾರ. ಈಗ ಬರೋವಾಗ್ಲೂ ಬಂತು. ಈ ಭಾನುವಾರ ಪಕ್ಕದ ಗದ್ದೆ ದೇವರಾಜುನ ಟ್ರ್ಯಾಕ್ಟರ್‌ಗೆ ಕಟ್ಟಿ ಎಳಕೊಂಬಂದು ನನ್ನ ಶೆಡ್ ಮುಂದೆ ನಿಲ್ಸ್ತಾನಂತೆ. ಶೆಡ್ ಎದುರಿನ ಟೀ ಅಂಗಡೀಲಿ ಎಲ್ರ ಮುಂದೂ ಹೇಳವ್ನೆ, ನಾಸಿರನ ಕೆಲ್ಸ ನಂಬಬ್ಯಾಡಿ ಅಂತ. ಸ್ಕೂಲ್ ವ್ಯಾನಿನೋರು ಆಗ್ಲೇ ಬ್ಯಾರೆ ಕಡೆ ಹೊಂಟೋದ್ರು. ಅದು ವಾಪಸ್ ಬಂದು ನಿಂತ್ರೆ ನಾನು ಶೆಡ್ ಬಾಗ್ಲು ತೆಗಿಯಂಗಿಲ್ಲಮ್ಮ."

ಅವನ ಕಣ್ಣಲ್ಲಿ ಕೋಪಕ್ಕಿಂತ ಅಪರಾಧಿಯ ಭಾವವೇ ಹೆಚ್ಚಿತ್ತು. ತಪ್ಪು ಎಲ್ಲಿ ಎಂದು ಕಾಣದಿದ್ದರೂ ತನ್ನದೇ ಎಂದು ಅವನು ನಂಬತೊಡಗಿದ್ದ. ನನಗೂ ಹಾಗೇ ಅನ್ನಿಸಿತ್ತು.

ಮಾರನೆಯ ದಿನ ಬೆಳಿಗ್ಗೆ ನಾಸಿರನ ಜೊತೆ ನಾವು ಬೆಳಕವಾಡಿಗೆ ಹೋದೆವು. ಗಾಲಿಮನೆ ನಾಲೆಯ ಪಕ್ಕದ ಗದ್ದೆ ಬಯಲಿನಲ್ಲಿ, ಸುತ್ತ ಹಸಿರು ಬತ್ತದ ನಡುವೆ ಬೆಳ್ಳಗೆ ನಿಂತಿತ್ತು. ಗಾಲಿಗಳು ಕಾಣುತ್ತಿರಲಿಲ್ಲ. ಹಾವು, ನಾಯಿ ಕೆಳಗೆ ನುಗ್ಗಬಾರದೆಂದು ಶಿವರಾಜು ಸುತ್ತಲೂ ಸಿಮೆಂಟ್ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿಸಿ, ಗಾಲಿಮನೆಯ ತಳಕ್ಕೆ ಸೇರಿಸಿಬಿಟ್ಟಿದ್ದ.

ಶಿವರಾಜು ನಮ್ಮನ್ನು ನೋಡಿ ಸಂತೋಷಪಡಲಿಲ್ಲ. "ಇದಕ್ಕೂ ಪತ್ತೇದಾರಿಕೆ ಬೇಕಾ ಅಮ್ಮಾ? ಲಾರಿ ಬಾಡಿ ಕಟ್ಟೋನ ಕೈಲಿ ಮನೆ ಕಟ್ಟಿಸ್ದೆ, ತಪ್ಪು ನಂದು."

ಬದುವಿನ ಮೇಲೆ ನಿಂತಿದ್ದ ದಪ್ಪನೆಯ ಮನುಷ್ಯ ನಕ್ಕ. ಅವನೇ ದೇವರಾಜು, ಪಕ್ಕದ ಗದ್ದೆಯವನು. ಜಲಪಾತಕ್ಕೆ ಹೋಗುವ ಬ್ಲಫ್ ರಸ್ತೆಯಲ್ಲಿ ಅವನೂ ಪ್ರವಾಸಿಗರಿಗೆ ಎರಡು ರೂಮು ಬಾಡಿಗೆಗೆ ಕೊಡುತ್ತಿದ್ದ.

"ಮೀನು ಬುಡ್ಲಾ ಅದ್ರೊಳಕ್ಕೆ. ಜನ ಟಿಕೆಟ್ ತಕ್ಕೊಂಡು ಬಂದು ನೋಡ್ತಾರೆ!"

"ನಿನ್ನ ರೂಮಿನ ತಿಗಣೆ ನೋಡಕ್ಕೆ ಬತ್ತಾರಲ್ಲ, ಹಂಗಾ?" ಎಂದ ಶಿವರಾಜು.

ಅತ್ತೆ ಇಬ್ಬರನ್ನೂ ಬಿಟ್ಟು ಶಿವರಾಜುವಿನ ತಂದೆ ಶಿವಣ್ಣನ ಕಡೆ ತಿರುಗಿದರು. ಮುದುಕ ಹೊಂಗೆ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. "ಇಷ್ಟು ಒಳ್ಳೆ ಮಣ್ಣು, ನಾಲೆ ಪಕ್ಕದಲ್ಲೇ ನೀರು. ಗಾಲಿಮನೆ ಬರೋಕ್ ಮುಂಚೆ ಈ ಜಾಗದಲ್ಲಿ ಏನು ಬೆಳೀತಿದ್ರಿ?"

"ಏನಿಲ್ಲ. ಸುಮ್ನೆ ಬಿದ್ದಿತ್ತು."

"ಉಳ್ತಿರ್ನಿಲ್ವಾ?"

"ಇಲ್ಲ." ಅವನು ತಲೆ ಎತ್ತಲಿಲ್ಲ. ಹಗ್ಗದ ಹುರಿ ಮಾತ್ರ ಬಿಗಿಯಾಯಿತು.

ಗಾಲಿಮನೆಯ ಬಾಗಿಲಿನ ಬೀಗದ ಕೈ ಶಿವರಾಜುವಿನ ಮನೆಯ ನಡುಮನೆಯಲ್ಲಿ ಮೊಳೆಗೆ ನೇತಾಡುತ್ತಿರುತ್ತದೆ, ಕಾಫಿಗೆ ಬರುವ ದೇವರಾಜುವಿನ ಕೈಗೂ ಸಿಗುತ್ತದೆ ಎಂದು ಗೊತ್ತಾಯಿತು. ವಾರದ ಕೊನೆಯ ಅತಿಥಿಗಳು ಹೋದ ಮೇಲೆ ಸೋಮವಾರ ಗುಡಿಸಿ ಒರೆಸುವವರು ಶಿವರಾಜುವಿನ ತಾಯಿ ದೇವಿರಮ್ಮ. ಒಮ್ಮೊಮ್ಮೆ ಶಿವಣ್ಣನೂ ಹೋಗಿ ಫ್ಯಾನು, ದೀಪ ಆರಿಸಿ ಬರುತ್ತಿದ್ದ.

ನಾಸಿರ್ ಕೆಲಸ ಶುರು ಮಾಡಿದ. ಪೈಪಿನಲ್ಲಿ ನೀರು ಬಿಡುತ್ತ ಕೆಳಗಿನ ಸಂದಿನಿಂದ ಆರಂಭಿಸಿ ನಿಧಾನವಾಗಿ ಮೇಲೆ ಹೋದ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿ ಒಳಹೋಯಿತೆಂದು ತಿಳಿಯುವುದಿಲ್ಲ ಎಂದ. ನಾನು ಒಳಗೆ ಟಾರ್ಚು ಹಿಡಿದು ಒಂದೊಂದು ಸಂದಿಯನ್ನೂ ನೋಡಿದೆ. ಎಲ್ಲ ಒಣಗಿತ್ತು. ಆಮೇಲೆ ಅವನು ಕಿಟಕಿಗಳನ್ನು ಮುಚ್ಚಿ, ಒಳಗಿನಿಂದ ಬ್ಲೋಯರ್ ಹಾಕಿ ಗಾಳಿ ತುಂಬಿಸಿ, ಹೊರಗೆ ಸೋಪಿನ ನೀರು ಬಳಿದ. ಗಾಳಿ ಹೊರಬರುವ ಕಡೆ ಗುಳ್ಳೆ ಏಳಬೇಕು.

ಒಂದೇ ಒಂದು ಕಡೆ ಎದ್ದಿತು, ಬಾಗಿಲ ಪಕ್ಕದ ಕಿಟಕಿಯ ರಬ್ಬರಿನಲ್ಲಿ.

"ಸಿಕ್ತಲ್ಲ!" ಎಂದ ಶಿವರಾಜು. ನಾಸಿರನ ಮುಖ ಇಳಿಯಿತು.

ಅತ್ತೆ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಮಂಚದ ಪಕ್ಕದ ನೆಲದ ಮೇಲಿಟ್ಟರು. ಅದು ಉರುಳುತ್ತ ಹೋಗಿ ಬಾಗಿಲಿಗೆ ತಾಗಿ ನಿಂತಿತು. "ಒದ್ದೆ ಇರೋದು ಮಂಚದ ಕಡೆ. ನೆಲ ವಾಟ ಇರೋದು ಬಾಗ್ಲ ಕಡೆ. ಕಿಟಕೀಲಿ ಬಂದ ನೀರು ಏರು ಹತ್ಕೊಂಡು ಓಯ್ತದಾ ಶಿವರಾಜು?"

ನಾನು ನನ್ನ ಊಹೆ ಹೇಳಿದೆ. ರಾತ್ರಿಯ ತಂಪಿಗೆ ಒಳಗಿನ ಆವಿ ತಗಡಿನ ಮೇಲೆ ಹನಿಯಾಗಿ ಕೆಳಗೆ ಬಿದ್ದಿರಬಹುದು. ಅತ್ತೆ ಚಾವಣಿಯನ್ನು ಕೈಯಿಂದ ಸವರಿ ನನಗೆ ತೋರಿಸಿದರು. ಹನಿಯ ಕಲೆ ಒಂದೂ ಇರಲಿಲ್ಲ.

"ನೀನು ಮೂಸಿ ನೋಡು, ಗಗನಾ. ಕಣ್ಣಲ್ಲಿ ನೋಡಿದ್ದು ಸಾಕು."

ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು. ಮೇಲಿನ ಬಟ್ಟೆ ಇನ್ನೂ ತಂಪಾಗಿತ್ತು. ವಾಸನೆ ಏನೂ ಇಲ್ಲ, ಬರಿಯ ನೀರು. ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಹುಳಿ ವಾಸನೆ ಬಂತು. ಮೂಲೆಯಲ್ಲಿ ಇರುವೆಗಳ ಸಾಲು. ನೀರೇನಾದರೂ ಒಳಗೆ ಬಿದ್ದರೆ ಕೆಳಗೆ ಹೋಗಲೆಂದು ನಾಸಿರ್ ಆ ಮೂಲೆಯಲ್ಲಿ ಒಂದು ತೂತು ಬಿಟ್ಟು ರಬ್ಬರ್ ಬುಚ್ಚು ಹಾಕಿದ್ದ. ಬುಚ್ಚು ಬೆರಳಿಗೇ ಕಿತ್ತು ಬಂತು.

"ನಾನು ಸುತ್ತಿಗೇಲಿ ಬಡಿದು ಹಾಕಿದ್ದೆ," ಎಂದ ನಾಸಿರ್.

ತೂತಿನ ಅಂಚಿನಲ್ಲಿ ಬೆಳ್ಳನೆಯ ಸಣ್ಣ ಕಣಗಳು ಅಂಟಿದ್ದವು. ಬೆರಳಲ್ಲಿ ಉಜ್ಜಿ ಮೂಸಿದೆ. "ಇದು ಹಾಲು, ಅತ್ತೆ. ನೀರು ಬೆರೆಸಿದ ಹಾಲು, ಒಡೆದುಹೋಗಿದೆ."

ಅತ್ತೆ ನಾಸಿರನಿಗೆ ಹೇಳಿ ಗೋಡೆಯ ಒಂದು ಇಟ್ಟಿಗೆ ಬಿಡಿಸಿ, ಟಾರ್ಚು ಹಾಕಿ ಕೆಳಗೆ ನೋಡಿದರು. ಗಾಲಿಮನೆಯ ಕೆಳಗೆಲ್ಲ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಆ ತೂತಿನ ನೇರಕ್ಕೆ ಮಾತ್ರ ಕಪ್ಪಗೆ ತೇವವಾಗಿತ್ತು. ಅತ್ತೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು.

ಅಷ್ಟರಲ್ಲಿ ದೇವಿರಮ್ಮ ಕಾಫಿ ತಂದರು. ಎಲ್ಲರಿಗೂ ಕೊಟ್ಟು ನಾಸಿರನಿಗೆ ಮಾತ್ರ ಇನ್ನೊಂದು ಲೋಟ ಬಗ್ಗಿಸಿದರು. "ಕುಡಿಯಪ್ಪ. ಬಿಸಿಲಲ್ಲಿ ದಣಿದಿದ್ದೀಯ," ಎಂದರು. ಅವನ ಮುಖ ನೋಡಲಿಲ್ಲ.

"ಭಾನುವಾರ ಬತ್ತೀನಿ," ಎಂದರು ಅತ್ತೆ. "ಅಲ್ಲಿಗಂಟ ಯಾರೂ ಯಾವುದನ್ನೂ ಕೀಳಬ್ಯಾಡಿ."

ಬಸ್ಸಿನಲ್ಲಿ ಮಳವಳ್ಳಿ ದಾಟುವವರೆಗೂ ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದರು. ದೇವರಾಜುವಿನ ಮೇಲೆ ನನಗೆ ಅನುಮಾನ ಎಂದು ಹೇಳಿದೆ.

"ಇರಲಿ," ಎಂದರು. ಆಮೇಲೆ, "ಬಾಯಿ ಬುಟ್ರೆ ಒಬ್ಬಳ ಮಾನ ಓಯ್ತದೆ, ಬುಡದಿದ್ರೆ ಒಬ್ಬನ ಅನ್ನ ಓಯ್ತದೆ ಅಂದ್ರೆ ಏನು ಮಾಡ್ಬೇಕು ಕಣವ್ವ?"

ನಾನು ಬರೆಯುತ್ತಿದ್ದ ಪುಸ್ತಕ ಮುಚ್ಚಿದೆ.

ಭಾನುವಾರ ನಾವು ಹೋದಾಗ ದೇವರಾಜುವಿನ ಟ್ರ್ಯಾಕ್ಟರ್ ಆಗಲೇ ಬಂದು ನಿಂತಿತ್ತು. ನಾಸಿರ್ ಹೊಸ ಶರಟು ಹಾಕಿಕೊಂಡಿದ್ದ, ಯಾವುದೋ ಕಚೇರಿಗೆ ಬಂದವನಂತೆ. ಹೊಂಗೆಯ ನೆರಳಿನಲ್ಲಿ ಎಲ್ಲರೂ ಸೇರಿದರು. ದೇವಿರಮ್ಮ ಗಾಲಿಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ಮೊದ್ಲು ನಾಸಿರನ ವಿಚಾರ," ಎಂದು ಅತ್ತೆ ಶುರು ಮಾಡಿದರು. "ಮುಂಗಾರಲ್ಲಿ ಸೋರ್ಲಿಲ್ಲ. ನಾವು ಪೈಪಲ್ಲಿ ಉಯ್ದಾಗ್ಲೂ ಸೋರ್ಲಿಲ್ಲ. ಕಿಟಕಿಯ ಗುಳ್ಳೆಗೂ ಮಂಚಕ್ಕೂ ಸಂಬಂಧ ಇಲ್ಲ, ನಿಂಬೆಹಣ್ಣು ಹೇಳ್ತು. ಟ್ಯಾಂಕ್ ಖಾಲಿ ಇದ್ದಾಗ್ಲೂ ಒದ್ದೆ ಆಯ್ತು. ಹೊರಗಿಂದ ನೀರು ಬಂದಿಲ್ಲ, ಒಳಗಿನ ಪೈಪಿಂದ್ಲೂ ಬಂದಿಲ್ಲ. ಯಾರೋ ಒಳಗಡೆ ನಿಂತ್ಕೊಂಡು ಉಯ್ದವ್ರೆ."

ಶಿವರಾಜು ದೇವರಾಜುವಿನ ಕಡೆ ತಿರುಗಿದ. "ಲೇ ದೇವ್ರಾಜ!"

"ನನ್ಯಾಕ್ಲಾ ನೋಡ್ತೀಯ? ನನ್ನ ರೂಮು ತೊಳಿಯಕ್ಕೇ ನಂಗೆ ಸೋಂಬೇರಿತನ, ನಿಂದ್ಯಾಕ್ ತೊಳೀಲಿ?"

"ಇವನಲ್ಲ," ಎಂದರು ಅತ್ತೆ. "ಕೇಳಿಸ್ಕೊಳ್ಳಿ. ಗಾಲಿಮನೇಲಿ ಇದ್ದದ್ದು ಒಂದು ನೀರಲ್ಲ, ಎರಡು. ಹಾಸ್ಗೆ ಮ್ಯಾಲಿದ್ದದ್ದು ಬರೀ ನೀರು. ಪೆಟ್ಟಿಗೇಲಿದ್ದದ್ದು ಹಾಲು ಬೆರೆಸಿದ ನೀರು, ನನ್ನ ಸೊಸೆ ಕಂಡುಹಿಡಿದ್ಲು. ಹಾಳು ಮಾಡೋಕೆ ಬಂದೋನು ಹಾಲು ತತ್ತಾನಾ? ಇನ್ನೊಂದು. ಪೆಟ್ಟಿಗೆ ಬುಚ್ಚನ್ನ ಯಾರೋ ಕಿತ್ತು ಕಿತ್ತು ಹಾಕಿ ಸಡಿಲ ಮಾಡವ್ರೆ. ಮರ ನೆನಸ್ಬೇಕು ಅನ್ನೋನು ನೀರು ಹೊರಗೋಗೋ ದಾರಿ ತೆಗೀತಾನಾ? ಮುಚ್ತಾನೆ. ಹಾಲು ಉಯ್ದೋರಿಗೆ ಪೆಟ್ಟಿಗೆ ನೆನೆಯೋದು ಬೇಕಿರ್ನಿಲ್ಲ. ಅದು ಕೆಳಗೆ ಓಗ್ಬೇಕಿತ್ತು. ಮಣ್ಣಿಗೆ."

ಹಾಲು ಎಂದು ಗುರುತಿಸಿದವಳು ನಾನು. ಅಂದು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣ ಅನ್ನಿಸಿತು.

"ಮಣ್ಣಿಗೆ ಉಯ್ಯಕ್ಕೆ ಒಳಗ್ಯಾಕೆ ಓಗ್ಬೇಕು?" ಎಂದ ಶಿವರಾಜು.

"ನೀನು ಸುತ್ತ ಗೋಡೆ ಕಟ್ಟಿದ್ದೀಯಲ್ಲಪ್ಪ. ಬ್ಯಾರೆ ದಾರಿ ಎಲ್ಲೈತೆ?" ಎಂದರು ಅತ್ತೆ. "ಸೋಮವಾರ ಹಾಲು ತಕೊಂಡೋಗಿ ಮಣ್ಣಿಗೆ ಬುಡೋದು ಯಾಕೆ ಅಂತ ನಂಗೊತ್ತು. ನಾನೂ ಬುಡ್ತೀನಿ. ನಾಲೆ ಪಕ್ಕದ ಒಳ್ಳೆ ಮಣ್ಣನ್ನ ಒಬ್ಬ ಒಕ್ಕಲಿಗ ಉಳ್ದೆ ಬುಟ್ಟವ್ನೆ ಅಂದಾಗ್ಲೇ ಅಲ್ಲೇನೋ ಐತೆ ಅನ್ನಿಸ್ತು. ಇದಕ್ಕಿಂತ ಮುಂದಕ್ಕೆ ನಾನು ಹೇಳಾಕಿಲ್ಲ. ಹೇಳ್ಬೇಕಾದೋರು ಹೇಳ್ಲಿ. ಹೇಳದಿದ್ರೆ ಟ್ರ್ಯಾಕ್ಟರ್ ರೆಡಿ ಐತೆ. ತಪ್ಪು ನಾಸಿರಂದೇ ಆಯ್ತದೆ."

ಶಿವಣ್ಣ ಹಗ್ಗವನ್ನು ಕೆಳಗಿಟ್ಟು ಎದ್ದು ನಿಂತ.

"ನಾನು ಉಯ್ದೆ. ನಾನೇ."

"ಅಪ್ಪಾ?"

"ಸುಮ್ನಿರು," ಎಂದರು ದೇವಿರಮ್ಮ. ಅವರು ಮಗನನ್ನಲ್ಲ, ಗಂಡನನ್ನು ನೋಡುತ್ತಿದ್ದರು. "ನಿಂಗೆ ಜ್ಞಾಪಕ ಐತಾ?"

ಮುದುಕ ಮಣ್ಣಿನ ಕಡೆ ನೋಡಿದ. "ಉಳ್ದೆ ಬುಟ್ಟಿದ್ನಲ್ಲ."

"ಮತ್ತೆ ಇವನು ಜಾಗ ಕೇಳ್ದಾಗ ಯಾಕೆ ಸುಮ್ನಿದ್ದೆ?"

"ನೀನು ಮರ್ತಿದ್ದೀಯ ಅಂದ್ಕೊಂಡೆ. ಹೇಳಿ ನಿಂಗೆ ನೆನಪು ಮಾಡೋದ್ಯಾಕೆ ಅಂತ."

ದೇವಿರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮತ್ತೆ ಮಾತಾಡಿದಾಗ ದನಿ ಸಮವಾಗಿತ್ತು.

"ಇವನಿಗಿಂತ ಮುಂಚೆ ಒಂದು ಹೆಣ್ಣು ಕೂಸು. ಹೆಸರಿಡಕ್ಕೆ ಮುಂಚೇನೇ ಓಯ್ತು, ಇಲ್ಲೇ ಮಣ್ಣು ಮಾಡುದ್ರು. ಹೆಸರಿಲ್ಲದ ಕೂಸಿಗೆ ಕಲ್ಲು ನೆಡಬಾರ್ದು, ಅಳಬಾರ್ದು, ಅತ್ರೆ ಮುಂದಿನ್ದು ನಿಲ್ಲಾಕಿಲ್ಲ ಅಂದ್ರು ನಮ್ಮತ್ತೆ. ನಾನು ಅಳ್ನಿಲ್ಲ. ಇವನು ನಿಂತ. ಹುಲ್ಲು ಕುಯ್ಯಕ್ಕೆ ಬರೋವಾಗ ಯಾರಿಗೂ ಕಾಣ್ದಂಗೆ ಒಂದ್ಲೋಟ ಹಾಲು ನೀರು ಬುಡ್ತಿದ್ದೆ. ಅಷ್ಟೇಯ. ಆಮ್ಯಾಕೆ ಗಾಲಿಮನೆ ಬಂದು ಅವಳ ಮ್ಯಾಲೆ ನಿಂತ್ಕತು. ಮಳೆಗಾಲ ಮುಗೀತಿದ್ದಂಗೆ ಸುತ್ತ ಗೋಡೆನೂ ಎದ್ದೋಯ್ತು."

"ನಂಗೆ ಹೇಳ್ಬೋದಿತ್ತಲ್ಲವ್ವ," ಎಂದ ಶಿವರಾಜು. ಅವನ ದನಿ ಚಿಕ್ಕದಾಗಿತ್ತು.

"ಏನಂತ ಹೇಳ್ಲಿ? ನಿಂಗೊಬ್ಬಳು ಅಕ್ಕ ಇದ್ಲು ಅಂತ ಒಂದಿನಾನೂ ಹೇಳಿರ್ನಿಲ್ಲ."

"ಹಾಸ್ಗೆ ನೀರು?" ಎಂದು ಅತ್ತೆ ಮೆಲ್ಲಗೆ ಕೇಳಿದರು. ಅವರಿಗೆ ಗೊತ್ತಿತ್ತು. ಆದರೆ ಅದು ದೇವಿರಮ್ಮನ ಬಾಯಿಂದಲೇ ಬರಬೇಕಿತ್ತು.

"ಪೆಟ್ಟಿಗೆ ಒದ್ದೆ ನೋಡಿ ಇವನು ವಾಪಸ್ ಕಳಿಸಿಬುಡ್ತೀನಿ ಅಂದ. ಅಂದಿದ್ದು ಕೇಳಿ ಆಸೆ ಉಟ್ತು ಕಣಕ್ಕ. ಮುಂದಿನ ಸೋಮವಾರ ಹಾಸ್ಗೆ ಮ್ಯಾಲೆ ಒಂದು ಬಿಂದಿಗೆ ಉಯ್ದೆ. ಬೇಕೂಂತ್ಲೇ ಉಯ್ದೆ. ಒಂದ್ ವಾರ ಭಯ ಆಗಿ ಬುಟ್ಬುಡ್ತಿದ್ದೆ, ಇನ್ನೊಂದ್ ವಾರ ಉಯ್ತಿದ್ದೆ. ಈ ಉಡುಗನ ಹೆಸರು ಹಾಳಾಯ್ತದೆ ಅಂತ ಗೊತ್ತಿತ್ತು."

ನಾಸಿರ್ ತನ್ನ ಹೊಸ ಶರಟಿನ ತುದಿಯನ್ನು ಹಿಡಿದುಕೊಂಡು ನಿಂತಿದ್ದ. "ಬಂದಾಗೆಲ್ಲ ಎರಡೆರಡು ಲೋಟ ಕಾಫಿ ಕೊಡ್ತಿದ್ರಲ್ಲವ್ವ," ಎಂದ.

ಅವನು ಬೈದಿದ್ದರೆ ದೇವಿರಮ್ಮನಿಗೆ ಸುಲಭವಾಗುತ್ತಿತ್ತೇನೋ.

ಇಟ್ಟಿಗೆ ಗೋಡೆಯನ್ನು ಒಡೆದವನು ಶಿವರಾಜುವೇ. ಹಾರೆ ಹಿಡಿದು, ಯಾರ ಮುಖವನ್ನೂ ನೋಡದೆ, ಒಂದೇ ಸಮನೆ ಬಡಿದ. ನಾಸಿರ್ ಗಾಲಿಗಳಿಗೆ ಗಾಳಿ ತುಂಬಿದ. ದೇವರಾಜು ತಮಾಷೆ ಬಿಟ್ಟು ಟ್ರ್ಯಾಕ್ಟರನ್ನು ಮೆಲ್ಲಗೆ ಎಳೆದು, ಗಾಲಿಮನೆಯನ್ನು ಮನೆಯ ಹಿಂದಿನ ಕಣದಲ್ಲಿ ನಿಲ್ಲಿಸಿದ. ಖಾಲಿಯಾದ ಜಾಗ ಮಧ್ಯಾಹ್ನದ ಬಿಸಿಲಿಗೆ ಬೋಳಾಗಿ ಕಂಡಿತು. ಶಿವಣ್ಣ ಅದರ ಅಂಚಿನಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ.

"ಮಳವಳ್ಳೀಲಿ ನಾನು ಹೇಳ್ತೀನಿ," ಎಂದ ಶಿವರಾಜು. "ರೂಫಲ್ಲಿ ಏನೋ ಸಣ್ಣ ತೊಂದ್ರೆ ಇತ್ತು, ನಾಸಿರ ಸರಿ ಮಾಡ್ದ ಅಂತ. ಮನೆ ಮಾತು ಹೊರಗೆ ಬ್ಯಾಡ."

"ಆಗ್ಲೂ ತಪ್ಪು ಇವನ ಹೆಸರಲ್ಲೇ ಉಳೀತು," ಎಂದರು ಅತ್ತೆ.

"ಉಳೀಲಿ ಬುಡಿ ಅಮ್ಮಾ," ಎಂದ ನಾಸಿರ್. "ಸತ್ತ ಕೂಸಿನ ಮಾತನ್ನ ಟೀ ಅಂಗಡೀಲಿ ಆಡೋದು ಬ್ಯಾಡ. ನಾನೂ ಹೆಣ್ಣು ಹೆತ್ತೋನು."

ದೇವಿರಮ್ಮ ಆಗಲೇ ಕಾಲಿಗೆ ಚಪ್ಪಲಿ ಮೆಟ್ಟಿದ್ದರು. "ಮಳವಳ್ಳಿಗೆ ಎಷ್ಟೊತ್ತಿಗೆ ಬಸ್ಸು?" ಎಂದು ನನ್ನನ್ನು ಕೇಳಿದರು.

ನಾಸಿರನ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಭಾನುವಾರದ ಜನ ಸೇರಿದ್ದರು. ಶಿವರಾಜು ಅವರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ದೇವಿರಮ್ಮ ಅವನನ್ನು ಪಕ್ಕಕ್ಕೆ ಸರಿಸಿದರು.

"ಇವನು ಕಟ್ಟಿದ ಗಾಲಿಮನೆ ಸೋರಾಕಿಲ್ಲ," ಎಂದರು, ನಾಸಿರನ ಕಡೆ ಕೈ ತೋರಿಸಿ. "ನೀರು ಉಯ್ದೋಳು ನಾನು."

ಮೂಲೆಯ ಬೆಂಚಿನಲ್ಲಿದ್ದ ಅಂಕಯ್ಯ ಎಂಬ ಮುದುಕ ನಕ್ಕ. "ಯಾಕವ್ವ? ನಿಮ್ಮನೇಲಿ ಬಚ್ಚಲು ಇರ್ನಿಲ್ವಾ?"

ಎಲ್ಲರೂ ನಕ್ಕರು. ದೇವಿರಮ್ಮ ನಗು ನಿಲ್ಲುವವರೆಗೆ ಕಾದರು.

"ಅದ್ರ ಕೆಳಗೆ ನನ್ನ ಮಗಳವ್ಳೆ. ಗಾಲಿಮನೆ ಅಲ್ಲಿಂದ ಎದ್ದೋಗ್ಲಿ ಅಂತ ಉಯ್ದೆ. ಇವನ ಮ್ಯಾಲೆ ಬಂದ ತಪ್ಪು ನಂದು."

ನನ್ನ ಮಗಳು ಎಂಬ ಮಾತನ್ನು ಅವರು ಮೊದಲ ಸಲ ಗಟ್ಟಿಯಾಗಿ ಹೇಳಿದ್ದರು. ನಾಸಿರ್ ಶೆಡ್ಡಿನೊಳಗೆ ಹೋಗಿ ತನ್ನ ಕಬ್ಬಿಣದ ಕುರ್ಚಿ ತಂದು, ಬಟ್ಟೆಯಲ್ಲಿ ಒರೆಸಿ, ದೇವಿರಮ್ಮನ ಹಿಂದೆ ಇಟ್ಟ. ಅವರು ಕೂರಲಿಲ್ಲ. ಜನರನ್ನು ನೋಡುತ್ತ ನಿಂತೇ ಇದ್ದರು.

ಅಂಕಯ್ಯ ಲೋಟವನ್ನು ಕೆಳಗಿಟ್ಟ. ಎದ್ದು ಟವೆಲು ಸರಿಮಾಡಿಕೊಂಡ.

"ನಾಸಿರಾ," ಎಂದ, "ನಮ್ಮ ಗೂಡ್ಸ್ ಆಟೋದು ಹಿಂದಿನ ಬಾಗ್ಲು ನಿಲ್ತಾ ಇಲ್ಲ ಕಣ್ಲಾ. ನಾಳೆ ತಂದ್ರೆ ನೋಡ್ತೀಯಾ?"

"ತನ್ನಿ," ಎಂದ ನಾಸಿರ್.

ಆಮೇಲೆ ದೇವಿರಮ್ಮ ಕುರ್ಚಿಯಲ್ಲಿ ಕೂತರು.